ವಿಮಾನದ ಗಡಿಯಾರ, ಸೇನೆಯ ಸ್ಟಾಪ್‌ವಾಚ್: ಓದುಗರ ಪ್ರಶ್ನೆಗಳಿಗೆ ಉತ್ತರ

ಸೇನಾ ವಿಮಾನಗಳ ಫಲಕದಲ್ಲಿ ಕೂರಿಸುತ್ತಿದ್ದ ಹಳೆಯ ಗಡಿಯಾರಗಳು ಮತ್ತು ಸೇನೆಯವರು ಬಳಸುತ್ತಿದ್ದ ಸ್ಟಾಪ್‌ವಾಚ್‌ಗಳ ಸಂಗ್ರಹದ ಬಗ್ಗೆ ಬಂದಿರುವ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಳ್ಳಲಾಗಿದೆ. ಒಂದೇ ವಿಷಯ ಕೇಳಿದವರ ಪತ್ರಗಳನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರು ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಒಂದು ಕಪ್ಪು ಗಡಿಯಾರ ಸಿಕ್ಕಿತು. ಡಯಲಿನ ಮೇಲೆ ಇಂಗ್ಲಿಷಿನ ಎ, ನಾಲ್ಕರಂತೆ ಕಾಣುವ ಒಂದು ಅಕ್ಷರ, ಆಮೇಲೆ ಸಿ, ಕೊನೆಗೆ 1 ಎಂದಿದೆ. ದೊಡ್ಡ ಡಯಲಿನೊಳಗೆ ಮೇಲೊಂದು, ಕೆಳಗೊಂದು ಚಿಕ್ಕ ಡಯಲುಗಳಿವೆ. ಕೆಳಗಿನ ಎರಡು ಗುಂಡಿಗಳಲ್ಲಿ ಎಡಗಡೆಯದು ಕೆಂಪು. ಇದು ಮಿಗ್-21 ವಿಮಾನದ್ದೆಂದು ಅಮ್ಮ ಹೇಳುತ್ತಾರೆ. ಕೀ ಕೊಡುವುದು ಹೇಗೆಂದು ಗೊತ್ತಾಗುತ್ತಿಲ್ಲ. (ಬೆಂಗಳೂರು)

ಉತ್ತರ: ತಾವು ಕೊಟ್ಟಿರುವ ಗುರುತುಗಳೆಲ್ಲ ಸೋವಿಯತ್ ಒಕ್ಕೂಟದ ಆ-ಚೆ-ಎಸ್-1 ಗಡಿಯಾರಕ್ಕೆ ಹೊಂದುತ್ತವೆ. ನಾಲ್ಕರಂತೆ ಕಾಣುವುದು ರಷ್ಯನ್ ಲಿಪಿಯ 'ಚೆ', ಸಿ ಎಂದು ಓದಿಕೊಂಡಿರುವುದು ಅದೇ ಲಿಪಿಯ 'ಎಸ್'. ಯೂರಲ್ ಪರ್ವತಗಳ ಮಗ್ಗುಲಿನ ಚೆಲ್ಯಾಬಿನ್ಸ್ಕ್ ನಗರದಲ್ಲಿ 1947ರಲ್ಲಿ ಆರಂಭವಾದ 'ಮೋಲ್ನಿಯಾ' ಕಾರ್ಖಾನೆಯಲ್ಲಿ ಇವು ತಯಾರಾಗುತ್ತಿದ್ದವು.

ಒಂದೇ ಪೆಟ್ಟಿಗೆಯೊಳಗೆ ಮೂರು ಬಗೆಯ ಕಾಲವನ್ನು ಅಳೆಯುವ ಯಂತ್ರವಿದು. ನಡುವಿನ ದೊಡ್ಡ ಮುಳ್ಳುಗಳು ಎಂದಿನ ಗಂಟೆ ನಿಮಿಷಗಳನ್ನು ತೋರಿಸುತ್ತವೆ. ಮೇಲಿನ ಚಿಕ್ಕ ಡಯಲು ವಿಮಾನ ಹೊರಟು ಎಷ್ಟು ಹೊತ್ತಾಯಿತೆಂಬುದನ್ನು ಹೇಳುತ್ತದೆ, ಕೆಳಗಿನದು ಸ್ಟಾಪ್‌ವಾಚ್. ಟ್ಯಾಂಕಿನಲ್ಲಿ ಉಳಿದಿರುವ ಇಂಧನಕ್ಕೂ ಹಾರಾಡಿದ ಹೊತ್ತಿಗೂ ತಾಳೆ ನೋಡದೆ ಪೈಲಟ್ ನೆಮ್ಮದಿಯಿಂದಿರಲು ಸಾಧ್ಯವಿರಲಿಲ್ಲವಾದ್ದರಿಂದ ಮೇಲಿನ ಡಯಲು ಅಗತ್ಯವಾಗಿತ್ತು. ಸ್ಟಾಪ್‌ವಾಚಿನ ಅಗತ್ಯ ಇನ್ನೂ ಹೆಚ್ಚಿನದು. ಗಂಟೆಗೆ 600 ಕಿಲೋಮೀಟರ್ ವೇಗದಲ್ಲಿ ಹೋಗುವ ವಿಮಾನ ಒಂದು ನಿಮಿಷಕ್ಕೆ 10 ಕಿಲೋಮೀಟರ್ ಕ್ರಮಿಸುತ್ತದೆ, ಅಂದರೆ 6 ಸೆಕೆಂಡಿನ ತಪ್ಪಿಗೆ ಒಂದು ಕಿಲೋಮೀಟರ್ ಆಚೀಚೆಯಾಗುತ್ತದೆ. ದಿಕ್ಕು, ವೇಗ ಮತ್ತು ಕಳೆದ ಹೊತ್ತು, ಈ ಮೂರನ್ನೇ ನಂಬಿ ಮೋಡದೊಳಗೆ ದಾರಿ ಲೆಕ್ಕ ಹಾಕುತ್ತಿದ್ದ ಕಾಲದಲ್ಲಿ ಫಲಕದ ಗಡಿಯಾರವು ದಿಕ್ಸೂಚಿಯಷ್ಟೇ ಮುಖ್ಯವಾದ ಉಪಕರಣವಾಗಿತ್ತು.

ಕೀ ಕೊಡುವುದು ಎಡಗಡೆಯ ಕೆಂಪು ಗುಂಡಿಯಿಂದ. ಸಾಮಾನ್ಯ ಗಡಿಯಾರಗಳಿಗೆ ವಿರುದ್ಧವಾಗಿ ಇದನ್ನು ಅಪ್ರದಕ್ಷಿಣವಾಗಿ ತಿರುಗಿಸಬೇಕು. ಪ್ರದಕ್ಷಿಣವಾಗಿ ತಿರುಗಿಸಲು ಬಲ ಹಾಕಬೇಡಿ. ಅದೇ ಗುಂಡಿಯನ್ನು ಹೊರಗೆಳೆದು ತಿರುಗಿಸಿದರೆ ಮುಳ್ಳುಗಳನ್ನು ಹೊಂದಿಸಬಹುದು. ಎಳೆಯದೆ ಒತ್ತಿದರೆ ಹಾರಾಟದ ಲೆಕ್ಕ ಶುರುವಾಗುತ್ತದೆ. ಮೇಲಿನ ಚಿಕ್ಕ ಡಯಲಿನಲ್ಲಿರುವ ಸಣ್ಣ ಕಿಂಡಿಯನ್ನು ಆಗ ಗಮನಿಸಿ: ಲೆಕ್ಕ ನಡೆಯುತ್ತಿರುವಾಗ ಅದರಲ್ಲಿ ಕೆಂಪು ಕಾಣುತ್ತದೆ, ಎರಡನೆಯ ಸಲ ಒತ್ತಿ ನಿಲ್ಲಿಸಿದಾಗ ಅರ್ಧ ಕೆಂಪು ಅರ್ಧ ಬಿಳಿ ಆಗುತ್ತದೆ, ಮೂರನೆಯ ಸಲ ಒತ್ತಿದಾಗ ಮುಳ್ಳುಗಳು ಸೊನ್ನೆಗೆ ಮರಳಿ ಕಿಂಡಿ ಪೂರ್ತಿ ಬಿಳಿಯಾಗುತ್ತದೆ. ದಪ್ಪ ಕೈಗವಸು ತೊಟ್ಟು, ಅದುರುವ ಆಸನದಲ್ಲಿ ಕುಳಿತವನಿಗೆ ಮುಳ್ಳನ್ನು ದಿಟ್ಟಿಸಿ ನೋಡುವ ವ್ಯವಧಾನವಿರುವುದಿಲ್ಲ, ಬಣ್ಣ ಒಂದೇ ನೋಟಕ್ಕೆ ತಿಳಿಯುತ್ತದೆ. ಈ ಗಡಿಯಾರದ ವಿನ್ಯಾಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಅಂಶ ಆ ಕಿಂಡಿಯೇ.

ಬಲಗಡೆಯ ಗುಂಡಿಯನ್ನು ಒಂದೊಂದು ಸಲ ಒತ್ತಿದಂತೆ ಸ್ಟಾಪ್‌ವಾಚ್ ಹೊರಡುತ್ತದೆ, ನಿಲ್ಲುತ್ತದೆ, ಸೊನ್ನೆಗೆ ಬರುತ್ತದೆ. ಆದರೆ ಅದನ್ನು ಪ್ರದಕ್ಷಿಣವಾಗಿ ಸ್ವಲ್ಪ ತಿರುಗಿಸಿದರೆ ಇಡೀ ಗಡಿಯಾರವೇ ನಿಂತುಬಿಡುತ್ತದೆ. ಸೆಕೆಂಡಿಗೆ ಸರಿಯಾಗಿ ಸಮಯ ಹೊಂದಿಸಿಕೊಳ್ಳಲೆಂದು ಮಾಡಿರುವ ಏರ್ಪಾಡು ಅದು. ಕೀ ಕೊಟ್ಟ ಮೇಲೂ ಗಡಿಯಾರ ನಡೆಯದಿದ್ದರೆ ಕೆಟ್ಟಿದೆಯೆಂದು ತೀರ್ಮಾನಿಸುವ ಮೊದಲು ಬಲಗುಂಡಿಯನ್ನು ಮೃದುವಾಗಿ ಅಪ್ರದಕ್ಷಿಣವಾಗಿ ತಿರುಗಿಸಿ ನೋಡಿ. ಎರಡು ದಿನಕ್ಕೊಮ್ಮೆ ಕೀ ಕೊಡುವ ರೂಢಿ ಇಟ್ಟುಕೊಂಡರೆ ಸಾಕು. ಹಿಂಬದಿಯಲ್ಲಿ ವಿದ್ಯುತ್ ಸಂಪರ್ಕದ ಕಡ್ಡಿಗಳು ಕಾಣುತ್ತಿರಬೇಕು. ಗಡಿಯಾರ ನಡೆಯುವುದು ಸ್ಪ್ರಿಂಗಿನಿಂದಲೇ. ಎತ್ತರದ ಚಳಿಯಲ್ಲಿ ಎಣ್ಣೆ ಗಟ್ಟಿಯಾಗದಂತೆ ಒಳಗೆ ಸಣ್ಣ ಹೀಟರ್ ಇಟ್ಟಿದ್ದಾರೆ, ಆ ಕಡ್ಡಿಗಳು ವಿಮಾನದ 27 ವೋಲ್ಟಿನ ವಿದ್ಯುತ್ತನ್ನು ಅದಕ್ಕೆ ಒದಗಿಸಲು. ಮನೆಯಲ್ಲಿ ಅದಕ್ಕೆ ಯಾವ ತಂತಿಯನ್ನೂ ಜೋಡಿಸುವ ಅಗತ್ಯವಿಲ್ಲ.

ಇನ್ನು ಮಿಗ್-21ರ ಮಾತು. 1963ರಿಂದ 2025ರ ಸೆಪ್ಟೆಂಬರಿನವರೆಗೆ ನಮ್ಮ ವಾಯುಪಡೆಯಲ್ಲಿದ್ದ ಆ ವಿಮಾನದಲ್ಲಿ ಈ ಗಡಿಯಾರ ಇದ್ದದ್ದು ನಿಜ. ಆದರೆ ಸೋವಿಯತ್ ನಿರ್ಮಾಣದ ಇತರ ವಿಮಾನಗಳಲ್ಲೂ ಹೆಲಿಕಾಪ್ಟರುಗಳಲ್ಲೂ ಇದೇ ಗಡಿಯಾರವನ್ನು ಅಳವಡಿಸುತ್ತಿದ್ದರು. ಗಡಿಯಾರವನ್ನಷ್ಟೇ ನೋಡಿ ಅದು ಯಾವ ವಿಮಾನದ್ದೆಂದು ಯಾರೂ ಹೇಳಲಾರರು. ತಂದೆಯವರ ಸೇವಾ ದಾಖಲೆ, ಅವರು ಯಾವ ಘಟಕದಲ್ಲಿ ಯಾವ ವರ್ಷಗಳಲ್ಲಿ ಇದ್ದರೆಂಬ ವಿವರ, ಗಡಿಯಾರ ವಿಲೇವಾರಿಯಲ್ಲಿ ಬಂದದ್ದಾದರೆ ಅದರ ಚೀಟಿ, ಇವೆಲ್ಲವನ್ನೂ ಗಡಿಯಾರದ ಜೊತೆಯಲ್ಲೇ ಒಂದು ಲಕೋಟೆಯಲ್ಲಿ ಇಡಿ. ತಾಯಿಯವರಿಗೆ ನೆನಪಿರುವುದನ್ನು ಅವರ ಮಾತಿನಲ್ಲೇ ಬರೆದು, ದಿನಾಂಕ ಹಾಕಿ ಸೇರಿಸಿ. ಕಾಗದವಿಲ್ಲದ ಗಡಿಯಾರದ ಕಥೆ ಒಂದು ತಲೆಮಾರು ಕಳೆಯುವಷ್ಟರಲ್ಲಿ ಅಳಿಸಿಹೋಗುತ್ತದೆ, ಇಲ್ಲವೇ ಬೇರೆಯೇ ಕಥೆಯಾಗಿ ಬೆಳೆಯುತ್ತದೆ.

ಪ್ರಶ್ನೆ: ಹಳೆಯ ಸೇನಾ ಗಡಿಯಾರಗಳಲ್ಲಿ ವಿಕಿರಣ ಸೂಸುವ ರೇಡಿಯಂ ಧಾತು ಇರುತ್ತದೆ ಎಂದು ಓದಿ ಗಾಬರಿಯಾಗಿದ್ದೇನೆ. ನಮ್ಮ ಮನೆಯವರು ಕೊಂಡು ತಂದಿರುವ ಗಡಿಯಾರ ಮಗು ಮಲಗುವ ಕೋಣೆಯಲ್ಲೇ ಇದೆ. ಅದರ ಅಂಕಿಗಳು ಕಂದು ಬಣ್ಣಕ್ಕೆ ತಿರುಗಿವೆ, ಕತ್ತಲಲ್ಲಿ ಹೊಳೆಯುವುದೂ ಇಲ್ಲ. ಹೊಳಪು ಹೋದ ಮೇಲೆ ಅಪಾಯವೂ ಹೋಗಿರುತ್ತದೆಯೇ? ಹಳೆಯ ಬಣ್ಣ ಕೆರೆದು ಹೊಸದು ಹಚ್ಚಿಕೊಡುತ್ತೇನೆಂದು ರಿಪೇರಿಯವರು ಹೇಳುತ್ತಿದ್ದಾರೆ. (ಮೈಸೂರು. ಇದೇ ಅರ್ಥದ ಪತ್ರಗಳು ದಾವಣಗೆರೆ ಮತ್ತು ಉಡುಪಿಯಿಂದಲೂ ಬಂದಿವೆ)

ಉತ್ತರ: ಮೊದಲು ಆ ಗಡಿಯಾರವನ್ನು ಮಗುವಿನ ಕೋಣೆಯಿಂದ ಹೊರಗಿಡಿ. ಎರಡನೆಯದಾಗಿ, ಬಣ್ಣ ಕೆರೆಯಲು ಯಾವ ಕಾರಣಕ್ಕೂ ಒಪ್ಪಬೇಡಿ. ಇವೆರಡನ್ನು ಮಾಡಿದ ಮೇಲೆ ಉಳಿದದ್ದನ್ನು ಸಮಾಧಾನವಾಗಿ ಓದಿ, ಏಕೆಂದರೆ ಗಾಜು ಭದ್ರವಾಗಿರುವ, ಮುಚ್ಚಳ ತೆರೆಯದ ಗಡಿಯಾರವೊಂದು ಮನೆಯಲ್ಲಿದೆ ಎಂದಾಕ್ಷಣ ಕಂಗಾಲಾಗಬೇಕಾಗಿಲ್ಲ.

ಹೊಳಪು ಹೋದರೆ ಅಪಾಯವೂ ಹೋಯಿತೆಂಬುದು ತಪ್ಪು ತಿಳಿವಳಿಕೆ. ಅಂಕಿಗಳಿಗೆ ಹಚ್ಚುತ್ತಿದ್ದ ಬಣ್ಣದಲ್ಲಿ ಎರಡು ವಸ್ತುಗಳಿರುತ್ತಿದ್ದವು. ಒಂದು ಅತಿ ಸ್ವಲ್ಪ ಪ್ರಮಾಣದ ರೇಡಿಯಂ, ಇನ್ನೊಂದು ಸತುವಿನ ಸಲ್ಫೈಡ್. ರೇಡಿಯಂ ಸೂಸುವ ಕಣಗಳು ತಾಗಿದಾಗ ಬೆಳಕು ಕೊಡುವುದು ಸಲ್ಫೈಡ್. ಆ ಕಣಗಳ ಹೊಡೆತಕ್ಕೆ ಕೆಲವು ವರ್ಷಗಳಲ್ಲೇ ಸಲ್ಫೈಡ್ ಸವೆದು ಬೆಳಗುವ ಶಕ್ತಿ ಕಳೆದುಕೊಳ್ಳುತ್ತದೆ. ರೇಡಿಯಂ ಮಾತ್ರ ಅಲ್ಲೇ ಇರುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, ಸುಮಾರು 1,600 ವರ್ಷ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಚ್ಚಿದ ರೇಡಿಯಂ ಈ ಎಂಬತ್ತು ವರ್ಷಗಳಲ್ಲಿ ಶೇಕಡಾ 4ರಷ್ಟೂ ಕಡಿಮೆಯಾಗಿಲ್ಲ. ಡಯಲನ್ನು ಭೂತಗನ್ನಡಿಯಲ್ಲಿ ನೋಡಿದರೆ, ಮುಳ್ಳು ಬಹುಕಾಲ ಒಂದೇ ಕಡೆ ನಿಂತಿದ್ದ ಜಾಗದಲ್ಲಿ ಅದರದೇ ಆಕಾರದ ಕಂದು ನೆರಳು ಸುಟ್ಟಂತೆ ಮೂಡಿರುವುದು ಕೆಲವೊಮ್ಮೆ ಕಾಣಸಿಗುತ್ತದೆ. ಅಂತಹ ಕಲೆ ಕಂಡರೆ ರೇಡಿಯಂ ಇದೆಯೆಂದೇ ತಿಳಿಯಿರಿ.

ಇದರಿಂದ ಹೊರಡುವ ಆಲ್ಫಾ ಕಣಗಳನ್ನು ಗಡಿಯಾರದ ಗಾಜು ತಡೆಯುತ್ತದೆ. ಗಾಮಾ ಕಿರಣಗಳು ಗಾಜನ್ನು ದಾಟಿ ಬರುತ್ತವಾದರೂ ದೂರ ಹೋದಂತೆ ಬೇಗ ಕ್ಷೀಣಿಸುತ್ತವೆ. ದೂರ ಎರಡರಷ್ಟಾದರೆ ಪ್ರಮಾಣ ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಹಾಸಿಗೆಯ ಪಕ್ಕದಲ್ಲಿ ಇಡುವುದಕ್ಕೂ ಹಜಾರದ ಆಚೆ ಮೂಲೆಯ ಕಪಾಟಿನಲ್ಲಿ ಇಡುವುದಕ್ಕೂ ಬಹಳ ವ್ಯತ್ಯಾಸವಿದೆ. ನಿಜವಾದ ಅಪಾಯವಿರುವುದು ಆ ಬಣ್ಣದ ಪುಡಿ ದೇಹದೊಳಗೆ ಸೇರಿದರೆ. ರಾಸಾಯನಿಕವಾಗಿ ಕ್ಯಾಲ್ಸಿಯಮ್ಮಿನ ಹತ್ತಿರದ ಸಂಬಂಧಿಯಾದ ರೇಡಿಯಂ ಮೂಳೆಯೊಳಗೆ ಹೋಗಿ ನೆಲೆಸುತ್ತದೆ, ಅಲ್ಲಿ ಆಲ್ಫಾ ಕಣಗಳನ್ನು ತಡೆಯಲು ಗಾಜಿರುವುದಿಲ್ಲ.

ಈ ಸತ್ಯವನ್ನು ಜಗತ್ತು ತಿಳಿದದ್ದು ಡಯಲಿಗೆ ಬಣ್ಣ ಹಚ್ಚುತ್ತಿದ್ದ ಹೆಣ್ಣುಮಕ್ಕಳ ಸಂಕಟದಿಂದ. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಪಟ್ಟಣದ ಕಾರ್ಖಾನೆಯಲ್ಲಿ ಮೊದಲನೆಯ ಮಹಾಯುದ್ಧದ ಹೊತ್ತಿಗೆ ಸೇನೆಯ ಗಡಿಯಾರಗಳಿಗೂ ಉಪಕರಣಗಳಿಗೂ ಅಂಕಿ ಬರೆಯುವ ಕೆಲಸ ಮಾಡುತ್ತಿದ್ದ ಯುವತಿಯರಿಗೆ ಕುಂಚದ ತುದಿಯನ್ನು ತುಟಿಯಲ್ಲಿಟ್ಟು ಚೂಪು ಮಾಡಿಕೊಳ್ಳುವಂತೆ ಹೇಳಿಕೊಟ್ಟಿದ್ದರು. ಪ್ರತಿ ಸಲವೂ ಇಷ್ಟಿಷ್ಟು ಬಣ್ಣ ಹೊಟ್ಟೆಗೆ ಹೋಗುತ್ತಿತ್ತು. ಹಲ್ಲು ಉದುರಿ, ದವಡೆಯ ಮೂಳೆ ಕೊಳೆತು, ಹಲವರು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಐವರು ಮಹಿಳೆಯರು 1927ರಲ್ಲಿ ಹೂಡಿದ ಮೊಕದ್ದಮೆ ಮರುವರ್ಷ ರಾಜಿಯಲ್ಲಿ ಮುಗಿಯಿತು. ಕಾರ್ಮಿಕರ ಸುರಕ್ಷತೆಯ ಇತಿಹಾಸದಲ್ಲಿ ಆ ಮೊಕದ್ದಮೆಗೆ ದೊಡ್ಡ ಸ್ಥಾನವಿದೆ. ಇಂತಹ ಡಯಲೊಂದನ್ನು ಸಂಗ್ರಹದಲ್ಲಿ ಇಟ್ಟುಕೊಂಡವರು ಆ ಕೈಗಳನ್ನು ನೆನೆಯದೆ ಇರಬಾರದೆಂದು ನಾನು ಭಾವಿಸುತ್ತೇನೆ.

ಈಗ ಬಣ್ಣ ಕೆರೆಯುವ ವಿಷಯ. ರಿಪೇರಿಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಚಾಕುವಿನ ತುದಿಯಿಂದ ಆ ಒಣಗಿದ ಬಣ್ಣವನ್ನು ಕೆರೆದರೆ ಕಣ್ಣಿಗೆ ಕಾಣದ ಪುಡಿ ಮೇಜಿನ ಮೇಲೆ, ಬಟ್ಟೆಯ ಮೇಲೆ, ಅವರ ಊಟದ ಡಬ್ಬಿಯ ಮೇಲೆ ಕೂರುತ್ತದೆ. ಮುಖಕ್ಕೆ ಅಡಿಯಷ್ಟು ಹತ್ತಿರ ಇಟ್ಟುಕೊಂಡು ಕೆಲಸ ಮಾಡುವವರು ಅದನ್ನು ಉಸಿರಾಡುತ್ತಾರೆ. ಅವರಿಗೆ ಈ ವಿಷಯ ತಿಳಿಸುವುದು ನಿಮ್ಮ ಕರ್ತವ್ಯವೂ ಹೌದು.

ಗಾಜು ಒಡೆದಿದ್ದರೆ ಅಥವಾ ಡಯಲಿನಿಂದ ಪುಡಿ ಉದುರುತ್ತಿರುವುದು ಕಂಡರೆ ಗಡಿಯಾರವನ್ನು ಅಲುಗಾಡಿಸದೆ ಗಟ್ಟಿ ಪ್ಲಾಸ್ಟಿಕ್ ಚೀಲದೊಳಗಿಟ್ಟು ಬಾಯಿ ಬಿಗಿಯಿರಿ, ಅದರ ಮೇಲೆ 'ರೇಡಿಯಂ ಇದೆ, ತೆರೆಯಬಾರದು' ಎಂದು ಬರೆದು ಅಂಟಿಸಿ, ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆದುಕೊಳ್ಳಿ. ರೇಡಿಯಂ ಕ್ಷಯಿಸುವಾಗ ರೇಡಾನ್ ಎಂಬ ಅನಿಲವೂ ಹುಟ್ಟುವುದರಿಂದ, ಅನೇಕ ಗಡಿಯಾರಗಳನ್ನು ಇಟ್ಟುಕೊಂಡವರು ಅವನ್ನು ಗಾಳಿಯಾಡದ ಚಿಕ್ಕ ಕೋಣೆಯಲ್ಲಿ ಕೂಡಿಡಬಾರದು. ವಿಕಿರಣವನ್ನು ಅಳೆದು ನೋಡಲು ಗೈಗರ್ ಮೀಟರ್ ಬೇಕು. ಹತ್ತಿರದ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ವಿನಯದಿಂದ ಕೇಳಿಕೊಂಡರೆ ನೆರವು ಸಿಗಬಹುದು. ವಿಲೇವಾರಿ ಮಾಡುವ ಯೋಚನೆಯಿದ್ದರೆ ಕಸಕ್ಕಾಗಲಿ ಗುಜರಿಗಾಗಲಿ ಹಾಕಬೇಡಿ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಬರೆದು ಸಲಹೆ ಪಡೆಯಿರಿ.

ಎಲ್ಲ ಹಳೆಯ ಗಡಿಯಾರಗಳಲ್ಲೂ ರೇಡಿಯಂ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ಬ್ರಿಟಿಷ್ ಸೇನೆ 1960ರ ದಶಕದಲ್ಲಿ ರೇಡಿಯಂ ಬಿಟ್ಟು, ವಿಕಿರಣ ಸೂಸುವ ಇನ್ನೊಂದು ವಸ್ತುವಾದ ಟ್ರಿಟಿಯಂಗೆ ಹೊರಳಿತು, ಅಂತಹ ಡಯಲುಗಳ ಮೇಲೆ ವೃತ್ತದೊಳಗೆ ಇಂಗ್ಲಿಷಿನ ಟಿ ಅಕ್ಷರವಿರುತ್ತದೆ. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ ಮಾತ್ರವಾದ್ದರಿಂದ ಆ ಕಾಲದ ಗಡಿಯಾರಗಳಲ್ಲಿ ಈಗ ಅದು ಅತ್ಯಲ್ಪವಾಗಿ ಉಳಿದಿರುತ್ತದೆ. ಹಿಂದಿನ ಉತ್ತರದಲ್ಲಿ ಹೇಳಿದ ಸೋವಿಯತ್ ಗಡಿಯಾರಗಳಲ್ಲಿ ಹಳೆಯವಕ್ಕೆ ರೇಡಿಯಂ ಇರಬಹುದು. ಅಳೆದು ನೋಡುವವರೆಗೆ ಇದೆಯೆಂದೇ ಭಾವಿಸಿ ನಡೆದುಕೊಳ್ಳುವುದು ಕ್ಷೇಮ.

ಪ್ರಶ್ನೆ: ಗುಜರಿ ಅಂಗಡಿಯಲ್ಲಿ 'ವಾಲ್ತಮ್' ಎಂದು ಬರೆದ, 8 ದಿನ ನಡೆಯುವ ಗಡಿಯಾರ ಸಿಕ್ಕಿದೆ. ಯುದ್ಧಕಾಲದ ಅಮೆರಿಕನ್ ವಿಮಾನದ್ದೆಂದು ಅಂಗಡಿಯವರು ಹೇಳಿದರು. ಕರ್ನಾಟಕಕ್ಕೆ ಅಮೆರಿಕನ್ ವಿಮಾನದ ಸಾಮಾನು ಬರಲು ಹೇಗೆ ಸಾಧ್ಯ? (ಹಾಸನ)

ಉತ್ತರ: ಸಾಧ್ಯತೆ ಖಂಡಿತ ಇದೆ. ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಆಡಳಿತ 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ಯುದ್ಧ ಮುಗಿಯುವವರೆಗೆ ಅಲ್ಲಿ ಅವರ 84ನೆಯ ಏರ್ ಡಿಪೋ ಕೆಲಸ ಮಾಡಿತು. ಅವರ ವಿಮಾನಗಳ ದೊಡ್ಡ ಪ್ರಮಾಣದ ದುರಸ್ತಿ ಅಲ್ಲಿ ನಡೆಯುತ್ತಿತ್ತು. ಬಿಡಿಭಾಗಗಳು ಬಂದ ಕಡೆ ಅವುಗಳಲ್ಲಿ ಕೆಲವು ಉಳಿಯುವುದೂ ಸಹಜ.

ಆದರೆ ಸಾಧ್ಯತೆ ಬೇರೆ, ಪುರಾವೆ ಬೇರೆ. ಮ್ಯಾಸಚೂಸೆಟ್ಸ್ ರಾಜ್ಯದ ವಾಲ್ತಮ್ ಕಂಪನಿಯ 37 ಸೈಜಿನ ಎಂಟು ದಿನದ ಯಂತ್ರವನ್ನು ವಿಮಾನಗಳಿಗೂ ಬಳಸಿದರು, ಕಾರುಗಳಿಗೂ ಬಳಸಿದರು. ಹಾಗಾಗಿ ಯಂತ್ರ ನೋಡಿ ನಿರ್ಧರಿಸಲಾಗದು, ಹೊರಮೈಯನ್ನು ಓದಬೇಕು. ವಿಮಾನದ ಗಡಿಯಾರಗಳ ಡಯಲು ಸಾಮಾನ್ಯವಾಗಿ ಅಚ್ಚ ಕಪ್ಪು, ಬೆಳಕು ಪ್ರತಿಫಲಿಸದ ಮಂದ ಮೇಲ್ಮೈ, ಅಲಂಕಾರವಿಲ್ಲದ ದಪ್ಪ ಅಂಕಿಗಳು. ಫಲಕಕ್ಕೆ ಕೂರಿಸಲು ಅಂಚಿನಲ್ಲಿ ಸ್ಕ್ರೂ ರಂಧ್ರಗಳಿರುತ್ತವೆ. ಹಿಂಬದಿಯಲ್ಲಿ ತಗಡಿನ ಪಟ್ಟಿಯೋ ಕೆತ್ತನೆಯೋ ಇದ್ದರೆ ಅದರಲ್ಲಿ ಗುತ್ತಿಗೆ ಸಂಖ್ಯೆ, 'ಟೈಪ್' ಎಂದು ಆರಂಭವಾಗುವ ಮಾದರಿಯ ಹೆಸರು, ಅಥವಾ 'ಎಎನ್' ಅಕ್ಷರಗಳಿಂದ ಆರಂಭವಾಗುವ ಸಂಖ್ಯೆ ಇದೆಯೇ ನೋಡಿ. ಎಎನ್ ಎಂದರೆ ಅಲ್ಲಿನ ಭೂಸೇನೆ ಮತ್ತು ನೌಕಾಪಡೆಗಳು ಒಟ್ಟಾಗಿ ಒಪ್ಪಿಕೊಂಡ ಮಾನಕ. ಇವು ಯಾವುವೂ ಇಲ್ಲದೆ ಬೆಳ್ಳಿ ಬಣ್ಣದ ಡಯಲು, ಸೊಗಸಾದ ಮುಳ್ಳುಗಳು ಇದ್ದರೆ ಅದು 1920ರ ದಶಕದ ಯಾವುದೋ ಕಾರಿನದಾಗಿರುವ ಸಂಭವವೇ ಹೆಚ್ಚು. ಅದರಿಂದ ನಿರಾಶರಾಗಬೇಡಿ, ಕಾರಿನ ವಾಲ್ತಮ್ ಕೂಡ ಉತ್ತಮ ಯಂತ್ರವೇ.

ಪಟ್ಟಿಯ ಮೇಲೆ ಕೊಳೆ ಕೂತಿದ್ದರೆ ಬ್ರಾಸೋ ಹಾಕಿ ಉಜ್ಜಬೇಡಿ. ಅಕ್ಷರದೊಳಗಿನ ಬಣ್ಣ ಒಮ್ಮೆ ಹೋದರೆ ಮತ್ತೆ ಬಾರದು. ಒಣ ಮೆತ್ತನೆಯ ಬಟ್ಟೆ ಸಾಕು, ಓದಲು ಕಷ್ಟವಾದರೆ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಡಿ.

ಪ್ರಶ್ನೆ: ಸೈನ್ಯದಲ್ಲಿದ್ದ ನಮ್ಮ ಅಜ್ಜನ ಸ್ಟಾಪ್‌ವಾಚ್ ನನ್ನ ಪಾಲಿಗೆ ಬಂದಿದೆ. ಹಿಂದುಗಡೆ ಬಾಣದಂಥ ಗುರುತಿದೆ. ಓಟದ ಸ್ಪರ್ಧೆ ಬಿಟ್ಟರೆ ಯುದ್ಧದಾಗ ಸ್ಟಾಪ್‌ವಾಚ್ ಯಾತಕ್ಕ ಬೇಕಿತ್ತು? ಅದನ್ನ ಹೆಂಗ ಕಾಪಾಡಬೇಕು? (ಬೆಳಗಾವಿ)

ಉತ್ತರ: ಮೂರು ಗೆರೆಗಳು ಒಂದು ಬಿಂದುವಿನಲ್ಲಿ ಕೂಡುವ ಆ ಬಾಣದ ಗುರುತು ಬ್ರಿಟಿಷ್ ಸರ್ಕಾರದ ಸ್ವತ್ತೆಂಬುದರ ಮುದ್ರೆ. ಅವರ ಆಳ್ವಿಕೆಯಲ್ಲಿ ಬಂದೂಕಿನಿಂದ ಹಿಡಿದು ಗಡಿಯಾರದವರೆಗೆ ಎಲ್ಲದರ ಮೇಲೂ ಅದನ್ನು ಒತ್ತುತ್ತಿದ್ದರು. ಅದರ ಸುತ್ತ ಇರುವ ಅಂಕಿ ಅಕ್ಷರಗಳಿಂದ ಇನ್ನಷ್ಟು ತಿಳಿಯುತ್ತದೆ. ಉದಾಹರಣೆಗೆ, 6ಎ ಎಂದು ಆರಂಭವಾದರೆ ಅದು ಬ್ರಿಟಿಷ್ ವಾಯುಪಡೆಯ ವಿಮಾನ ಉಪಕರಣಗಳ ಪಟ್ಟಿಗೆ ಸೇರಿದ್ದು, 6ಬಿ ಎಂದಿದ್ದರೆ ದಾರಿ ಲೆಕ್ಕ ಹಾಕುವ ಉಪಕರಣಗಳ ಪಟ್ಟಿಗೆ. ಅಜ್ಜನವರದು ಯಾವುದೆಂದು ಅಕ್ಷರಗಳನ್ನು ಇದ್ದಂತೆಯೇ ನಕಲು ಮಾಡಿ ಕಳಿಸಿದರೆ ಮುಂದೆ ಬರೆಯುತ್ತೇನೆ.

ಯುದ್ಧದಲ್ಲಿ ಸ್ಟಾಪ್‌ವಾಚಿಗೆ ಕೆಲಸ ಬಹಳ ಇತ್ತು. ಶತ್ರುವಿನ ಫಿರಂಗಿಯ ಮಿಂಚು ಕಂಡ ಕ್ಷಣದಲ್ಲಿ ಒತ್ತಿ, ಸದ್ದು ಕೇಳಿದ ಕ್ಷಣದಲ್ಲಿ ನಿಲ್ಲಿಸಿದರೆ ಎಷ್ಟು ದೂರದಿಂದ ಹೊಡೆಯುತ್ತಿದ್ದಾರೆಂದು ಗೊತ್ತಾಗುತ್ತಿತ್ತು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವುದರಿಂದ 5 ಸೆಕೆಂಡ್ ಎಂದರೆ 1,700 ಮೀಟರ್. ಬೆಳಕು ಬಂದ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಕೆಲವು ಡಯಲುಗಳ ಅಂಚಿನಲ್ಲಿ ಸೆಕೆಂಡಿನ ಬದಲು ನೇರವಾಗಿ ದೂರವನ್ನೇ ಬರೆದಿರುತ್ತಿದ್ದರು, ಗುಣಾಕಾರ ಮಾಡುವ ಪ್ರಮೇಯವಿರಲಿಲ್ಲ. ಹಡಗಿನವರು ಟಾರ್ಪಿಡೊ ಬಿಟ್ಟ ಮೇಲೆ ಅದು ಗುರಿ ಮುಟ್ಟುವ ಹೊತ್ತನ್ನು ಎಣಿಸುತ್ತಿದ್ದರು. ವಿಮಾನದವರು ನೆಲದ ಮೇಲಿನ ಎರಡು ಗುರುತುಗಳ ನಡುವಿನ ಹೊತ್ತನ್ನು ಅಳೆದು ತಮ್ಮ ನಿಜವಾದ ವೇಗ ಕಂಡುಕೊಳ್ಳುತ್ತಿದ್ದರು. ಅಮೆರಿಕದ ಎಲ್ಜಿನ್ ಕಂಪನಿಯ ಎ-8 ಮಾದರಿಯಲ್ಲಿ ಮುಳ್ಳು 10 ಸೆಕೆಂಡಿಗೇ ಒಂದು ಸುತ್ತು ಮುಗಿಸುತ್ತದೆ. ಆ ಧಾವಂತದ ಬಡಿತದಿಂದಾಗಿ 'ಜಿಟರ್‌ಬಗ್' ಎಂಬ ನೃತ್ಯದ ಹೆಸರೇ ಅದಕ್ಕೆ ಅಡ್ಡಹೆಸರಾಯಿತು.

ನಿಮ್ಮದರ ಮುಳ್ಳು ಒಂದು ಸುತ್ತಿಗೆ 60 ಸೆಕೆಂಡ್ ತೆಗೆದುಕೊಂಡು, ಪ್ರತಿ ಸೆಕೆಂಡಿನಲ್ಲಿ ಐದು ಗೆರೆಗಳಿದ್ದರೆ ಅದು ಗಂಟೆಗೆ 18,000 ಬಡಿತದ ಸಾಮಾನ್ಯ ಯಂತ್ರ. 30 ಸೆಕೆಂಡಿಗೆ ಸುತ್ತುವುದಾದರೆ ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ಅಳೆಯುವ, 36,000 ಬಡಿತದ್ದು. ಕಿವಿಯ ಹತ್ತಿರ ಹಿಡಿದರೆ ಎರಡರ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ.

ಕಾಪಾಡುವ ಬಗೆ ಸರಳ. ಬಳಸಿ ಮುಗಿದ ಮೇಲೆ ಪೂರ್ತಿ ಕೀ ಇಳಿಯುವವರೆಗೆ ಓಡಲು ಬಿಟ್ಟು, ಆಮೇಲೆ ಪೆಟ್ಟಿಗೆಯಲ್ಲಿಡಿ. ಕೀ ತುಂಬಿದ ಸ್ಪ್ರಿಂಗು ವರ್ಷಗಟ್ಟಲೆ ಬಿಗಿದುಕೊಂಡೇ ಇರುವುದು ಒಳ್ಳೆಯದಲ್ಲ. ಸ್ಪೀಕರಿನ ಹತ್ತಿರ ಇಡಬೇಡಿ, ಕೂದಲೆಳೆಯಂಥ ಸ್ಪ್ರಿಂಗಿಗೆ ಅಯಸ್ಕಾಂತದ ಸೋಂಕು ತಗುಲಿದರೆ ನಡಿಗೆ ಕೆಡುತ್ತದೆ. ಹತ್ತಾರು ವರ್ಷ ಸರ್ವೀಸ್ ಕಾಣದ ಯಂತ್ರವಾದರೆ ಮತ್ತೆ ಮತ್ತೆ ಒತ್ತಿ ಪರೀಕ್ಷಿಸಬೇಡಿ, ಒಳಗಿನ ಎಣ್ಣೆ ಅಂಟಾಗಿರುತ್ತದೆ ಮತ್ತು ಒಣಗಿದ ಯಂತ್ರವನ್ನು ಓಡಿಸಿದಷ್ಟೂ ಸವೆಯುತ್ತದೆ.

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದೇನೆ. ಶಿವಮೊಗ್ಗದ ನಮ್ಮ ಹಳೆಯ ಮನೆಯಲ್ಲಿ ಜೇಬುಗಡಿಯಾರದಂಥ ಒಂದು ಗಡಿಯಾರವಿದೆ. ಡಯಲಿನ ಮೇಲೆ '30 ಅವರ್, ನಾನ್ ಲ್ಯೂಮಿನಸ್, ಮಾರ್ಕ್ 5' ಎಂದು ಇಂಗ್ಲಿಷಿನಲ್ಲಿದೆ. ಮುಂದಿನ ಸಲ ಬಂದಾಗ ಜೊತೆಗೆ ಒಯ್ಯಬಹುದೇ?

ಉತ್ತರ: ಅದು ಮೊದಲನೆಯ ಮಹಾಯುದ್ಧದ ಕಾಲದ, ಬ್ರಿಟನ್ನಿನ ಭೂಸೇನೆಯ ವಾಯುದಳವಾಗಿದ್ದ ರಾಯಲ್ ಫ್ಲೈಯಿಂಗ್ ಕೋರ್‌ನ ವಿಮಾನಗಳ ಫಲಕದಲ್ಲಿ ಇಡುತ್ತಿದ್ದ ಗಡಿಯಾರ. 1918ರ ಏಪ್ರಿಲ್ 1ರಂದು ಆ ದಳ ನೌಕಾಪಡೆಯ ವಾಯುದಳದೊಡನೆ ಸೇರಿ ರಾಯಲ್ ಏರ್ ಫೋರ್ಸ್ ಆಯಿತು. ಕಟ್ಟಿಗೆ ಮತ್ತು ಬಟ್ಟೆಯ ವಿಮಾನಗಳ ಕಾಲವದು, ಜೇಬುಗಡಿಯಾರದ ಯಂತ್ರವನ್ನೇ ಫಲಕಕ್ಕೆ ಹೊಂದಿಸಿಕೊಂಡಿದ್ದರು. 30 ಗಂಟೆ ಎಂದರೆ ದಿನಕ್ಕೊಮ್ಮೆ ಕೀ ಕೊಡಬೇಕು. 'ನಾನ್ ಲ್ಯೂಮಿನಸ್' ಎಂದು ಬರೆದಿರುವುದು ನಿಮ್ಮ ಅದೃಷ್ಟ, ಮೂಲ ಡಯಲಾಗಿದ್ದರೆ ರೇಡಿಯಂ ಚಿಂತೆಯಿಲ್ಲ.

ಆದರೆ ಹಾಗೆಯೇ ಒಯ್ಯುವಂತಿಲ್ಲ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ, ಗತಕಾಲದ ವಿಜ್ಞಾನ ಕಲೆ ಕುಶಲತೆಗಳನ್ನು ತೋರಿಸುವ ವಸ್ತುಗಳು ಪ್ರಾಚ್ಯವಸ್ತುಗಳಾಗುತ್ತವೆ, ಖಾಸಗಿ ವ್ಯಕ್ತಿಗಳು ಅವನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಮಾರ್ಕ್ 5 ನೂರು ವರ್ಷ ದಾಟಿದೆ. ಟಿಕೆಟ್ ಮಾಡಿಸುವ ಮೊದಲೇ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಬೆಂಗಳೂರು ಕಚೇರಿಯಲ್ಲಿ ವಿಚಾರಿಸಿ. ಅವರು ಪ್ರಾಚ್ಯವಸ್ತುವಲ್ಲವೆಂದು ಪ್ರಮಾಣಪತ್ರ ಕೊಟ್ಟರೆ ಮಾತ್ರ ಒಯ್ಯಬಹುದು. ನನ್ನನ್ನು ಕೇಳಿದರೆ, ಇಂಗ್ಲೆಂಡಿನಲ್ಲಿ ಇಂತಹ ಗಡಿಯಾರಗಳು ಸಾಕಷ್ಟಿವೆ, ಮಲೆನಾಡಿನ ಮನೆಯೊಂದಕ್ಕೆ ಅದು ಬಂದ ದಾರಿಯನ್ನು ಮನೆಯ ಹಿರಿಯರಿಂದ ಕೇಳಿ ಬರೆದುಕೊಂಡು ಇಲ್ಲೇ ಇಡುವುದು ಮೇಲು.

ಪ್ರಶ್ನೆ: ಜರ್ಮನ್ ವಾಯುಪಡೆಯದೆಂದು ಹೇಳಿ, ಡಯಲಿನ ಮೇಲೆ ಹದ್ದು ಮತ್ತು ಸ್ವಸ್ತಿಕವಿರುವ ಗಡಿಯಾರವನ್ನು ಮಾರುತ್ತಿದ್ದಾರೆ. ಕೊಳ್ಳಬಹುದೇ? (ಹುಬ್ಬಳ್ಳಿ)

ಉತ್ತರ: ಬೇಡ. ಆ ವಾಯುಪಡೆಯ ವಿಮಾನಗಳಲ್ಲಿದ್ದ ಯುಂಗಾನ್ಸ್ ಕಂಪನಿಯ ಜೆ30ಬಿಜೆಡ್, ಕೀನ್‌ಸ್ಲೆ ಕಂಪನಿಯ ಗಡಿಯಾರಗಳ ಡಯಲು ಕಪ್ಪಗೆ, ಸಾದಾ ಆಗಿರುತ್ತದೆ. ಪೈಲಟ್‌ಗೆ ಬೇಕಿದ್ದದ್ದು ಓದಲು ಸುಲಭವಾದ ಅಂಕಿಗಳು, ಲಾಂಛನವಲ್ಲ. ಡಯಲಿನ ನಡುವೆ ದೊಡ್ಡ ಹದ್ದು ಕಂಡರೆ ಅದು ಮಾರುವುದಕ್ಕೆಂದೇ ಆಮೇಲೆ ಬಳಿದದ್ದೆಂದು ತಿಳಿಯಬಹುದು.

ಪ್ರಶ್ನೆ: ನನ್ನಲ್ಲಿರುವ ಆ-ಚೆ-ಎಸ್-1 ಗಡಿಯಾರ ಕೆಟ್ಟಿದೆ. ಒಳಗಿನ ಯಂತ್ರ ತೆಗೆದು ಬ್ಯಾಟರಿಯ ಯಂತ್ರ ಹಾಕಿಸಲೇ? ಇಂತಹವನ್ನು ಹತ್ತಿರದಿಂದ ನೋಡುವ ಅವಕಾಶ ಎಲ್ಲಿದೆ? (ತುಮಕೂರು)

ಉತ್ತರ: ಹಾಕಿಸಬೇಡಿ. ಮೂರು ಕಾಲಗಳನ್ನು ಒಟ್ಟಿಗೆ ನಡೆಸುವ ಆ ಯಂತ್ರವೇ ಗಡಿಯಾರ, ಅದನ್ನು ತೆಗೆದ ಮೇಲೆ ಉಳಿಯುವುದು ಡಬ್ಬಿ. ತುಮಕೂರಿನವರಾದ ತಮಗೆ ಒಂದು ಅನುಕೂಲವಿದೆ: ಎಚ್‌ಎಂಟಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ, ಕೀ ಕೊಡುವ ಗಡಿಯಾರಗಳನ್ನು ಬಲ್ಲ ಹಿರಿಯರು ನಿಮ್ಮ ಊರಿನಲ್ಲೇ ಸಿಗಬಹುದು. ಅವರ ಬಳಿ ಒಯ್ಯುವ ಮೊದಲು ರೇಡಿಯಂ ಇದೆಯೇ ಎಂದು ಅಳೆಸಿ, ಇದ್ದರೆ ಮುಚ್ಚಿಡದೆ ಹೇಳಿ, ಅವರು ಬೇಡವೆಂದರೆ ಒತ್ತಾಯಿಸಬೇಡಿ. ಇಲ್ಲವಾದರೆ ಬಿಚ್ಚಿ ಶುಚಿ ಮಾಡಿ ಎಣ್ಣೆ ಹಾಕಲು ಮಾತ್ರ ಕೇಳಿ. ಡಯಲು, ಮುಳ್ಳುಗಳನ್ನು ಮುಟ್ಟುವುದು ಬೇಡ. ಯಾವುದಾದರೂ ಭಾಗ ಬದಲಿಸಲೇಬೇಕಾದರೆ ಹಳೆಯದನ್ನು ಹಿಂದಕ್ಕೆ ಪಡೆದು, ಏನು ಬದಲಾಯಿತೆಂದು ಒಂದು ಚೀಟಿ ಬರೆದು ಅದರೊಡನೆ ಇಡಿ. ನೋಡುವುದಕ್ಕೆ ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಿ. 2001ರಿಂದ ಸಾರ್ವಜನಿಕರಿಗೆ ತೆರೆದಿರುವ ಅಲ್ಲಿ ವಿಮಾನಗಳ ಬಳಿಯೇ ನಿಂತು ನೋಡಬಹುದು.